ಯಂತ್ರದ ನಿಜವಾದ ಬೆಲೆ, ಉಳಿತಾಯದ ಏರಿಳಿತ



ಕನ್ನಡ ಪಾಠ ಮಾಡುವವಳು ಹಣದ ಲೆಕ್ಕದ ಬಗ್ಗೆ ಬರೆಯಲು ಹೊರಟಿದ್ದಾಳಲ್ಲ ಎಂದು ಹುಬ್ಬೇರಿಸಬೇಡಿ. ಹನ್ನೆರಡನೆಯ ಶತಮಾನದಲ್ಲಿಯೇ ರಾಜಾದಿತ್ಯನೆಂಬ ಕವಿ ‘ವ್ಯವಹಾರಗಣಿತ’ ಎಂಬ ಗ್ರಂಥವನ್ನು ಕನ್ನಡದಲ್ಲಿ ಬರೆದ. ಅದಕ್ಕೂ ಸುಮಾರು ಮುನ್ನೂರು ವರ್ಷ ಹಿಂದೆ, ಅಮೋಘವರ್ಷ ನೃಪತುಂಗನ ಕಾಲದಲ್ಲಿ ಮಹಾವೀರಾಚಾರ್ಯ ಸಂಸ್ಕೃತದಲ್ಲಿ ರಚಿಸಿದ ‘ಗಣಿತಸಾರಸಂಗ್ರಹ’ದಲ್ಲಿ ಬಡ್ಡಿಯ ಲೆಕ್ಕಗಳೂ ಪಾಲುಗಾರರು ಲಾಭ ಹಂಚಿಕೊಳ್ಳುವ ಲೆಕ್ಕಗಳೂ ಇವೆ. ನಾವು ಈಗ ವಾಸವಾಗಿರುವ ನ್ಯೂರೆಂಬರ್ಗ್ ಕೂಡ ಇದರಲ್ಲಿ ಹಿಂದೆ ಬಿದ್ದ ಊರಲ್ಲ. ವ್ಯಾಪಾರಿಗಳ ಮಕ್ಕಳಿಗೆ ಲೆಕ್ಕ ಕಲಿಸುವ ಮೇಷ್ಟ್ರುಗಳು ಇಲ್ಲಿದ್ದರು. ಅವರಲ್ಲಿ ಒಬ್ಬನಾದ ಉಲ್ರಿಶ್ ವಾಗ್ನರ್ ಎಂಬುವನ ಲೆಕ್ಕದ ಪುಸ್ತಕ 1483ರಲ್ಲಿ ಪಕ್ಕದ ಬಾಂಬೆರ್ಗ್‌ನಲ್ಲಿ ಅಚ್ಚಾಯಿತು. ಜರ್ಮನ್ ಭಾಷೆಯಲ್ಲಿ ಅಚ್ಚಾದ ಮೊದಮೊದಲ ಲೆಕ್ಕದ ಪುಸ್ತಕಗಳಲ್ಲಿ ಅದೂ ಒಂದು.

ಈಗ ವಿಷಯಕ್ಕೆ ಬರೋಣ. ಇಲ್ಲಿಯ ಗಿಮ್ನಾಸಿಯಂಗೆ ಹೋಗುವ ದೊಡ್ಡ ಮಕ್ಕಳಿಗೆ ‘ವಿರ್ಟ್‌ಶಾಫ್ಟ್ ಉಂಡ್ ರೆಖ್ಟ್’, ಅಂದರೆ ಅರ್ಥಶಾಸ್ತ್ರ ಮತ್ತು ಕಾನೂನು, ಎಂಬ ಪಾಠವಿದೆ. ಹಣಕಾಸಿನ ಮೊದಲ ಪಾಠಗಳಲ್ಲಿ ಎಲ್ಲಿ ಹೋದರೂ ಎರಡು ಪ್ರಶ್ನೆಗಳು ಬಂದೇ ಬರುತ್ತವೆ. ಒಂದು, ಬೇರೆ ಬೇರೆ ಬೆಲೆಯ, ಬೇರೆ ಬೇರೆ ಬಾಳಿಕೆಯ ಎರಡು ಯಂತ್ರಗಳಲ್ಲಿ ಯಾವುದು ಅಗ್ಗ? ಇನ್ನೊಂದು, ಹಲವು ಕಡೆ ಹಣ ಹಾಕಿದಾಗ ಅದರ ಅಪಾಯವನ್ನು ಅಳೆಯುವುದು ಹೇಗೆ? ಮಕ್ಕಳು ಇದರ ಸೂತ್ರವನ್ನು ಜರ್ಮನ್‌ನಲ್ಲಿ ಪಟಪಟನೆ ಹೇಳುತ್ತಾರೆ. ಆದರೆ ಊರಿನಲ್ಲಿರುವ ಅಜ್ಜಿಗೆ ಫೋನಿನಲ್ಲಿ ಕನ್ನಡದಲ್ಲಿ ತಿಳಿಸಿ ಹೇಳಿ ಅಂದರೆ ತಡವರಿಸುತ್ತಾರೆ. ಅಜ್ಜಿಗೆ ತಿಳಿಯುವ ಹಾಗೆ ಹೇಳಲು ಬಂದರೆ ಮಾತ್ರ ಪಾಠ ನಮಗೆ ದಕ್ಕಿದೆ ಎಂದು ನನ್ನ ನಂಬಿಕೆ. ಅದಕ್ಕೆಂದೇ ಈ ಲೇಖನ. ಪೋಷಕರಿಗೂ ಇದರಲ್ಲಿ ಒಂದು ಮಾತಿದೆ, ಅದು ಲೇಖನದ ಕೊನೆಯ ಕಡೆಗೆ ಬರುತ್ತದೆ.

ಮೊದಲು ಯಂತ್ರ. ಬಟ್ಟೆ ಒಗೆಯುವ ವಾಷಿಂಗ್ ಮೆಷಿನ್ನನ್ನೇ ತೆಗೆದುಕೊಳ್ಳೋಣ. ಈ ಊರಿಗೂ ವಾಷಿಂಗ್ ಮೆಷಿನ್ನಿಗೂ ನಂಟಿದೆ. ಮುಗ್ಗನ್‌ಹೋಫ್‌ನಲ್ಲಿ ಇಂದು ‘ಔಫ್ ಆಎಗೆ’ ಎಂದು ಕರೆಯುವ ಜಾಗದಲ್ಲಿ ಆಎಗೆ ಕಂಪನಿಯ ವಾಷಿಂಗ್ ಮೆಷಿನ್‌ಗಳೂ ಪಾತ್ರೆ ತೊಳೆಯುವ ಯಂತ್ರಗಳೂ 2007ರವರೆಗೆ ತಯಾರಾಗುತ್ತಿದ್ದವು.

ಅಂಗಡಿಯಲ್ಲಿ ಎರಡು ಮೆಷಿನ್‌ಗಳಿವೆ ಎಂದುಕೊಳ್ಳಿ. ಅಂಕಿಗಳು ಲೆಕ್ಕಕ್ಕಾಗಿ ನಾನು ಹಾಕಿಕೊಂಡವು. ಮೊದಲನೆಯದಕ್ಕೆ 420 ಯೂರೋ, ಬಾಳಿಕೆ 6 ವರ್ಷ. ಎರಡನೆಯದಕ್ಕೆ ಸರಿಯಾಗಿ ಎರಡರಷ್ಟು, 840 ಯೂರೋ, ಬಾಳಿಕೆ 12 ವರ್ಷ. ಇಷ್ಟೇ ಆದರೆ ಎರಡೂ ಒಂದೇ ಎನ್ನಬಹುದು, ಯಾಕೆಂದರೆ ಎರಡಕ್ಕೂ ವರ್ಷಕ್ಕೆ 70 ಯೂರೋ ಬೀಳುತ್ತದೆ. ಆದರೆ ಮೆಷಿನ್ ತಂದ ಮೇಲೆ ಅದು ಸುಮ್ಮನೆ ಕೂರುವುದಿಲ್ಲ, ಕರೆಂಟು ಕುಡಿಯುತ್ತದೆ. ನಮ್ಮಲ್ಲಿ ಗಾದೆಯೇ ಇದೆಯಲ್ಲ, ಮೂರು ಕಾಸಿನ ಕುದುರೆಗೆ ಆರು ಕಾಸಿನ ಹುಲ್ಲು ಎಂದು. ಹುಲ್ಲಿನ ಲೆಕ್ಕ ಎಲ್ಲಿ ಸಿಗುತ್ತದೆ? ಮೆಷಿನ್ನಿನ ಮೇಲೆ ಅಂಟಿಸಿರುವ ಹಸಿರು, ಹಳದಿ, ಕೆಂಪು ಪಟ್ಟೆಗಳ ಚೀಟಿಯಲ್ಲಿ. 2021ರ ಮಾರ್ಚ್‌ನಿಂದ ಯುರೋಪಿನಲ್ಲಿ ಹೊಸ ಚೀಟಿ ಬಂದಿದೆ. ವಾಷಿಂಗ್ ಮೆಷಿನ್ನಿಗಾದರೆ ನೂರು ಸಲ ಬಟ್ಟೆ ಒಗೆಯಲು ಎಷ್ಟು ಯೂನಿಟ್ ವಿದ್ಯುತ್ ಬೇಕು ಎಂದು ಅದರಲ್ಲಿ ಬರೆದಿರುತ್ತದೆ. ಬಹಳ ಜನ ಅಕ್ಷರವನ್ನಷ್ಟೇ ನೋಡಿ ಮುಂದೆ ಹೋಗುತ್ತಾರೆ. ನೀವು ಅದರ ಕೆಳಗಿನ ಸಂಖ್ಯೆಯನ್ನು ಓದಿ.

ನಮ್ಮ ಮೊದಲ ಮೆಷಿನ್ನಿಗೆ ನೂರು ಸಲಕ್ಕೆ 75 ಯೂನಿಟ್, ಎರಡನೆಯದಕ್ಕೆ 50. ಮಕ್ಕಳಿರುವ ಮನೆಯಲ್ಲಿ ವರ್ಷಕ್ಕೆ 200 ಸಲ ಒಗೆಯುವುದು ಹೆಚ್ಚೇನಲ್ಲ. ಯೂನಿಟ್ಟಿಗೆ 40 ಸೆಂಟ್ ಎಂದು ಹಿಡಿದರೆ ಮೊದಲನೆಯದಕ್ಕೆ 60 ಯೂರೋ, ಎರಡನೆಯದಕ್ಕೆ 40. ನೀರಿಗೆ ಮತ್ತು ಇತರ ಖರ್ಚಿಗೆ ಎರಡಕ್ಕೂ 35 ಯೂರೋ ಸೇರಿಸೋಣ. ಹುಲ್ಲಿನ ಲೆಕ್ಕ ವರ್ಷಕ್ಕೆ 95 ಮತ್ತು 75 ಆಯಿತು. ಅದಕ್ಕೆ ಆ 70ನ್ನು ಸೇರಿಸಿದರೆ 165 ಮತ್ತು 145. ದುಬಾರಿ ಮೆಷಿನ್ನೇ ವರ್ಷಕ್ಕೆ 20 ಯೂರೋ ಅಗ್ಗ!

ಸ್ವಲ್ಪ ನಿಲ್ಲಿ. ಒಂದು ವಿಷಯ ಬಿಟ್ಟುಹೋಗಿದೆ, ಬಡ್ಡಿ. 840 ಯೂರೋವನ್ನು ಇವತ್ತೇ ಎಣಿಸಿ ಕೊಡಬೇಕು. ಅದರ ಲಾಭವಾದರೋ ಹನ್ನೆರಡು ವರ್ಷಗಳ ಉದ್ದಕ್ಕೂ ಚೂರುಚೂರಾಗಿ ಬರುತ್ತದೆ. ಕೈಯಲ್ಲಿದ್ದ 100 ಯೂರೋವನ್ನು ಶೇಕಡಾ 4ರ ಬಡ್ಡಿಗೆ ಇಟ್ಟರೆ ಬರುವ ವರ್ಷ 104 ಆಗುತ್ತದೆ. ಇದನ್ನೇ ತಿರುಗಿಸಿ ಹೇಳಿದರೆ, ಬರುವ ವರ್ಷ ಸಿಗುವ 1 ಯೂರೋಗೆ ಇವತ್ತಿನ ಬೆಲೆ 96 ಸೆಂಟ್. ಅದರಾಚೆಯ ವರ್ಷ ಸಿಗುವ 1 ಯೂರೋಗೆ 92 ಸೆಂಟ್. ಹೀಗೆ ಇಳಿಯುತ್ತಾ ಆರನೆಯ ವರ್ಷದ ಯೂರೋ ಇವತ್ತಿಗೆ 79 ಸೆಂಟ್ ಮಾತ್ರ. ಆರು ವರ್ಷಗಳದ್ದನ್ನೂ ಕೂಡಿದರೆ 5 ಯೂರೋ 24 ಸೆಂಟ್ ಆಗುತ್ತದೆ. ಅಂದರೆ, ವರ್ಷಕ್ಕೆ ಒಂದೊಂದು ಯೂರೋದಂತೆ ಆರು ವರ್ಷ ಕೊಡುವುದೂ ಇವತ್ತು ಒಟ್ಟಿಗೆ 5.24 ಯೂರೋ ಕೊಡುವುದೂ ಸಮ. ಹಾಗಾದರೆ ಇವತ್ತು 420 ಕೊಡುವುದು ವರ್ಷಕ್ಕೆ ಎಷ್ಟು ಕೊಟ್ಟದ್ದಕ್ಕೆ ಸಮ? 420ನ್ನು 5.24ರಿಂದ ಭಾಗಿಸಿ, ಸುಮಾರು 80 ಬರುತ್ತದೆ. ಹನ್ನೆರಡು ವರ್ಷಕ್ಕೆ ಆ ಸಂಖ್ಯೆ 9.39. 840ನ್ನು ಅದರಿಂದ ಭಾಗಿಸಿದರೆ ಸುಮಾರು 89.50. ಇವಕ್ಕೆ ಹುಲ್ಲಿನ ಲೆಕ್ಕ ಸೇರಿಸಿದರೆ 175 ಮತ್ತು 164.50. ಇದನ್ನು ‘ಸಮಾನ ವಾರ್ಷಿಕ ವೆಚ್ಚ’ ಎನ್ನಬಹುದು. ಅಜ್ಜಿಗೆ ಹೇಳುವಾಗ, ಮೆಷಿನ್ನನ್ನು ಕೊಳ್ಳದೆ ಬಾಡಿಗೆಗೆ ತಂದಿದ್ದರೆ ವರ್ಷಕ್ಕೆ ಎಷ್ಟು ಬಾಡಿಗೆ ಆಗುತ್ತಿತ್ತೋ ಅದು ಎಂದು ಹೇಳಿ. ಅವರಿಗೆ ಕೂಡಲೇ ತಿಳಿಯುತ್ತದೆ.

ನೋಡಿ, 20 ಯೂರೋ ಇದ್ದ ವ್ಯತ್ಯಾಸ ಬಡ್ಡಿ ಸೇರಿದೊಡನೆ ಹತ್ತೂವರೆಗೆ ಇಳಿಯಿತು. ಬಡ್ಡಿ ಶೇಕಡಾ 8 ಆದರೆ? ಕ್ಯಾಲ್ಕುಲೇಟರ್ ಹಿಡಿದು ಮಾಡಿ ನೋಡಿ, ಎರಡೂ ಸುಮಾರು 186ಕ್ಕೆ ಬಂದು ನಿಲ್ಲುತ್ತವೆ. ಮೆಷಿನ್ ಅದೇ, ಕರೆಂಟು ಅದೇ. ಬಡ್ಡಿದರ ಹೆಚ್ಚಿರುವ ದೇಶದಲ್ಲಿ ದುಬಾರಿ ಯಂತ್ರದ ಹೆಚ್ಚುಗಾರಿಕೆ ಮಾಯವಾಗುತ್ತದೆ. ಊರಿನಲ್ಲಿ ಜನ ಅಗ್ಗದ್ದನ್ನು ಕೊಳ್ಳುತ್ತಾರೆ, ದೂರದೃಷ್ಟಿ ಇಲ್ಲ ಎಂದು ಇಲ್ಲಿ ಕುಳಿತು ಮಾತಾಡುವವರು ಈ ಲೆಕ್ಕವನ್ನು ಒಮ್ಮೆ ಮಾಡಬೇಕು. ಕೈಸಾಲದ ಬಡ್ಡಿ ಇನ್ನೂ ಹೆಚ್ಚು. ಸಾಲ ಮಾಡಿ ಕೊಳ್ಳುವವನಿಗೆ ಅಗ್ಗದ್ದೇ ಸರಿಯಾದ ಆಯ್ಕೆ ಆಗಿರಬಹುದು.

ಕರ್ನಾಟಕದ್ದೇ ಇನ್ನೊಂದು ಉದಾಹರಣೆ ಇದೆ. 10 ಎಚ್.ಪಿ.ವರೆಗಿನ ನೀರಾವರಿ ಪಂಪ್‌ಸೆಟ್‌ಗಳಿಗೆ 2008ರಿಂದ ಉಚಿತ ವಿದ್ಯುತ್ ಇದೆ. ಕಡಿಮೆ ಕರೆಂಟು ಕುಡಿಯುವ ಒಳ್ಳೆಯ ಪಂಪಿಗೆ ಹೆಚ್ಚು ಬೆಲೆ. ಆದರೆ ರೈತನ ಲೆಕ್ಕದಲ್ಲಿ ಹುಲ್ಲಿಗೆ ಸೊನ್ನೆ! ಹಾಗಿರುವಾಗ ಅವನು ಹೆಚ್ಚಿನ ದುಡ್ಡನ್ನು ಯಾಕೆ ಕೊಡಬೇಕು? ಅವನು ನೋಡುವುದು ಬೆಲೆಯನ್ನು, ಮತ್ತು ವೋಲ್ಟೇಜ್ ಏರುಪೇರಿಗೆ ಮೋಟಾರ್ ಸುಟ್ಟರೆ ರಿವೈಂಡಿಂಗ್ ಮಾಡುವವನು ಹತ್ತಿರದ ಪೇಟೆಯಲ್ಲಿ ಸಿಗುತ್ತಾನೆಯೇ ಎಂಬುದನ್ನು. ಅವನ ಲೆಕ್ಕ ತಪ್ಪಲ್ಲ. ಹುಲ್ಲಿನ ಖರ್ಚು ಎಲ್ಲಿಯೂ ಹೋಗಿಲ್ಲ, ಅದನ್ನು ಬೇರೆಯವರು ಕಟ್ಟುತ್ತಿದ್ದಾರೆ, ಅಷ್ಟೇ. ಯಾವ ಲೆಕ್ಕವನ್ನು ನೋಡಿದರೂ ಇದು ಯಾರ ಲೆಕ್ಕ ಎಂದು ಮೊದಲು ಕೇಳುವುದು ಒಳ್ಳೆಯದು.

ನಮ್ಮ ಸಮುದಾಯದ ಸಂಗತಿಯೇ ಬೇರೆ. ಇಲ್ಲಿ ಎಷ್ಟೋ ಕುಟುಂಬಗಳು ಮೂರು ವರ್ಷದ ಕೆಲಸಕ್ಕೆಂದು ಬರುತ್ತವೆ. ಮೂರು ವರ್ಷ ಬಳಸಿ, ಹೊರಡುವಾಗ ಮೊದಲ ಮೆಷಿನ್ನನ್ನು 150 ಯೂರೋಗೆ, ಎರಡನೆಯದನ್ನು 350ಕ್ಕೆ ಮಾರಿದರೆಂದು ಇಟ್ಟುಕೊಳ್ಳಿ. ಶೇಕಡಾ 4ರಲ್ಲಿ ಲೆಕ್ಕ ಮಾಡಿದರೆ ವರ್ಷಕ್ಕೆ ಸುಮಾರು 198 ಮತ್ತು 266. ಈಗ ಅಗ್ಗದ ಮೆಷಿನ್ನೇ ಸರಿ. ನೆರೆಮನೆಯ ಜರ್ಮನ್ ಅಜ್ಜಿಯ ಸಲಹೆ ಅವರಿಗೆ ಸರಿ, ನಿಮ್ಮ ಸಲಹೆ ನಿಮಗೆ ಸರಿ.

ಇಷ್ಟು ಹೊತ್ತು ಒಂದು ವಿಷಯವನ್ನು ನಾವು ಸುಮ್ಮನೆ ನಂಬಿಕೊಂಡು ಬಂದೆವು. ಎರಡನೆಯ ಮೆಷಿನ್ ಹನ್ನೆರಡು ವರ್ಷ ಬಾಳುತ್ತದೆ ಎಂದು ಹೇಳಿದವರು ಯಾರು? ಅದು ಎಂಟನೆಯ ವರ್ಷಕ್ಕೇ ಕೆಟ್ಟು ಕೂತರೆ ವರ್ಷದ ವೆಚ್ಚ 164.50 ಅಲ್ಲ, ಸುಮಾರು 200. ಆಗ ಅಗ್ಗದ ಮೆಷಿನ್ ಗೆದ್ದ ಹಾಗೆ. ಹೀಗಾಗಿ ‘ಬಾಳಿಕೆ 12 ವರ್ಷ’ ಎನ್ನುವುದು ಒಂದು ಅಂದಾಜು, ಸರಾಸರಿ. ಸರಾಸರಿಯ ಆಚೆಗೂ ಈಚೆಗೂ ನಡೆಯುವುದುಂಟು. ಎರಡನೆಯ ಪ್ರಶ್ನೆ, ಅಂದರೆ ಅಪಾಯದ ಅಳತೆ, ಹುಟ್ಟುವುದು ಇಲ್ಲಿಂದಲೇ.

ಪತ್ರಿಕೆಗಳಲ್ಲಿ ಇದಕ್ಕೆ ಅಪಾಯ ಎನ್ನುತ್ತಾರೆ, ಮಾತಿನಲ್ಲಿ ರಿಸ್ಕ್ ಎನ್ನುತ್ತೇವೆ, ಜರ್ಮನ್‌ನಲ್ಲಿ ರಿಸಿಕೋ. ಭಾಷೆಯ ಮೇಷ್ಟರಾಗಿ ನನಗೆ ‘ಅಪಾಯ’ ಎಂಬ ಪದ ಇಲ್ಲಿ ಪೂರ್ತಿ ಒಪ್ಪಿಗೆಯಿಲ್ಲ. ಅಪಾಯವೆಂದರೆ ಹಾವು, ಬೆಂಕಿ, ಆಳದ ನೀರು. ಹಣಕಾಸಿನವರು ಹೇಳುವ ರಿಸ್ಕ್ ಎಂದರೆ ನಿರೀಕ್ಷೆ ಮಾಡಿದ್ದು ಎಷ್ಟು ತೂಗಾಡುತ್ತದೆ ಎಂಬುದು. ಅದು ಮೇಲಕ್ಕೂ ತೂಗಬಹುದು, ಕೆಳಕ್ಕೂ ತೂಗಬಹುದು. ಆದ್ದರಿಂದ ನಾನು ‘ಏರಿಳಿತ’ ಎನ್ನುತ್ತೇನೆ.

ಇದನ್ನು ಈ ಊರಿನ ವ್ಯಾಪಾರಿಗಳು ಬಹಳ ಹಿಂದೆಯೇ ಬಲ್ಲವರಾಗಿದ್ದರು, ಅದಕ್ಕೆ ನಮ್ಮ ಕರಾವಳಿಯೇ ಸಾಕ್ಷಿ. 1505ರ ಮಾರ್ಚ್‌ನಲ್ಲಿ ಫ್ರಾನ್ಸಿಸ್ಕೋ ದ ಅಲ್ಮೇಡ ಎಂಬ ಪೋರ್ಚುಗೀಸ್ ನಾಯಕನ ನೌಕಾಪಡೆ ಲಿಸ್ಬನ್ನಿನಿಂದ ಭಾರತಕ್ಕೆ ಹೊರಟಿತು. ಅದರಲ್ಲಿ ಮೂರು ಹಡಗುಗಳ ಹಿಂದೆ ಖಾಸಗಿ ವ್ಯಾಪಾರಿಗಳ ಹಣವಿತ್ತು, ಒಟ್ಟು 65,400 ಕ್ರುಜಾಡೊ ಎಂಬ ಚಿನ್ನದ ನಾಣ್ಯ. ಔಗ್ಸ್‌ಬುರ್ಗ್‌ನ ವೆಲ್ಸರ್ ಮನೆತನದ್ದು 20,000, ಫುಗರ್ ಮನೆತನದ್ದು 4,000, ಇಟಲಿಯ ವ್ಯಾಪಾರಿಗಳದ್ದು 29,400. ನಮ್ಮ ನ್ಯೂರೆಂಬರ್ಗ್‌ನ ಇಮ್‌ಹೋಫ್ ಮನೆತನ 3,000 ಹಾಕಿತು, ಹಿರ್ಷ್‌ಫೋಗೆಲ್ ಮನೆತನ 2,000. ಟೂಖರ್ ಅರಮನೆಯ ತೋಟದಲ್ಲಿರುವ ಹಿರ್ಷ್‌ಫೋಗೆಲ್ ಸಭಾಂಗಣವನ್ನು ನೋಡಿದ್ದೀರಲ್ಲ, ಅದೇ ಮನೆತನ. ಆ ಸಭಾಂಗಣ ಈ ಯಾತ್ರೆಗಿಂತ ಈಚಿನದು, 1534ರದ್ದು.

ಇಡೀ ಹಡಗಿನ ಹೊರೆಯನ್ನು ಒಬ್ಬರೇ ಹೊತ್ತರೆ, ಹಡಗು ಮುಳುಗಿದ ದಿನ ಮನೆಯೂ ಮುಳುಗುತ್ತದೆ. ಹಲವು ಮನೆತನಗಳು ಸೇರಿ ಪಾಲು ಹಾಕಿದರೆ, ನಷ್ಟವಾದರೂ ಪ್ರತಿಯೊಬ್ಬರೂ ಎದ್ದು ನಿಲ್ಲುವಷ್ಟೇ ನಷ್ಟವಾಗುತ್ತದೆ. ಈ ನೌಕಾಪಡೆ ಸೆಪ್ಟೆಂಬರಿನಲ್ಲಿ ನಮ್ಮ ಕಾರವಾರದ ಎದುರಿನ ಅಂಜದೀವ್ ದ್ವೀಪಕ್ಕೆ ಬಂದು ಕೋಟೆ ಕಟ್ಟತೊಡಗಿತು. ಅಕ್ಟೋಬರಿನಲ್ಲಿ ಹೊನ್ನಾವರದ ಮೇಲೆ ದಾಳಿ ಮಾಡಿ ಬಂದರಿನಲ್ಲಿದ್ದ ಹಡಗುಗಳಿಗೆ ಬೆಂಕಿ ಹಚ್ಚಿತು. ಆಮೇಲೆ ಕಣ್ಣೂರು, ಕೊಚ್ಚಿಯ ಕಡೆಗೆ ಹೋಗಿ ಮೆಣಸು ತುಂಬಿಕೊಂಡಿತು. ವೆಲ್ಸರ್ ಮನೆತನದ ಪ್ರತಿನಿಧಿಯಾಗಿ ಹೋಗಿದ್ದ ಬಾಲ್ತಸಾರ್ ಸ್ಪ್ರೆಂಗರ್ ಈ ಯಾತ್ರೆಯ ಕಥೆಯನ್ನು 1509ರಲ್ಲಿ ಜರ್ಮನ್‌ನಲ್ಲಿ ಅಚ್ಚು ಹಾಕಿಸಿದ. ಹಡಗುಗಳು 1506ರಲ್ಲಿ ಮರಳಿದವು. ತಂದ ಮೆಣಸನ್ನು ಮಾರುವ ವಿಷಯದಲ್ಲಿ ಪೋರ್ಚುಗಲ್ಲಿನ ದೊರೆಯೊಂದಿಗೆ ಜಗಳವಾಯಿತು. ಕೊನೆಗೆ ಹಾಕಿದ ಹಣದ ಸುಮಾರು ಒಂದೂವರೆ ಪಟ್ಟು ಲಾಭ ಬಂತೆಂದು ಇತಿಹಾಸಕಾರರು ಅಂದಾಜು ಮಾಡುತ್ತಾರೆ. ಸುಟ್ಟುಹೋದ ಹೊನ್ನಾವರದ ಹಡಗುಗಳು ಈ ಲಾಭದ ಅಂಕಿಯಲ್ಲಿ ಕಾಣುವುದಿಲ್ಲ. ಇದು ಯಾರ ಲೆಕ್ಕ ಎಂಬ ಪ್ರಶ್ನೆ ಇಲ್ಲಿಯೂ ಬಂತು, ನೋಡಿ.

ಹಣವನ್ನು ಮೂರು ಹಡಗುಗಳಿಗೆ ಹಂಚಿದರು, ಸರಿ. ಆದರೆ ಮೂರೂ ಒಂದೇ ಪಡೆಯಲ್ಲಿ, ಒಂದೇ ದಾರಿಯಲ್ಲಿ, ಒಂದೇ ಗಾಳಿಗೆ ಹೋದವು. ಐದು ವರ್ಷ ಹಿಂದೆ, 1500ರಲ್ಲಿ, ಕಬ್ರಾಲ್ ಎಂಬುವನ 13 ಹಡಗುಗಳ ಪಡೆ ಇದೇ ದಾರಿಯಲ್ಲಿ ಬರುವಾಗ ಆಫ್ರಿಕದ ದಕ್ಷಿಣ ತುದಿಯ ಬಳಿ ಎದ್ದ ಬಿರುಗಾಳಿಗೆ ನಾಲ್ಕು ಹಡಗುಗಳು ಒಟ್ಟಿಗೇ ಮುಳುಗಿದ್ದವು. ಹಾಗಾಗಿ ಎಷ್ಟು ಕಡೆ ಹಂಚಿದ್ದೀರಿ ಎಂಬುದು ಅರ್ಧ ಪ್ರಶ್ನೆ. ಹಂಚಿದವೆಲ್ಲ ಒಟ್ಟಿಗೇ ಮುಳುಗುತ್ತವೆಯೇ ಎಂಬುದು ಉಳಿದರ್ಧ.

ಇದನ್ನು ನಮ್ಮ ಬಯಲುಸೀಮೆಯ ರೈತರಷ್ಟು ಚೆನ್ನಾಗಿ ಬಲ್ಲವರು ಯಾರೂ ಇಲ್ಲ. ತುಮಕೂರು, ಕೋಲಾರ, ಮಂಡ್ಯದ ಕಡೆ ರಾಗಿ ಹೊಲದಲ್ಲಿ ರಾಗಿಯೊಂದನ್ನೇ ಹಾಕುತ್ತಿರಲಿಲ್ಲ. ನಾಲ್ಕಾರು ಸಾಲಿಗೊಂದು ‘ಅಕ್ಕಡಿ ಸಾಲು’ ಬಿಟ್ಟು ಅದರಲ್ಲಿ ಅವರೆ, ತೊಗರಿ, ಅಲಸಂದೆ, ಹುಚ್ಚೆಳ್ಳು, ಹರಳು ಬಿತ್ತುತ್ತಿದ್ದರು. ಈಗಲೂ ಕೆಲವರು ಬಿತ್ತುತ್ತಾರೆ. ರಾಗಿಗೆ ಬೇಕಾದ ಹೊತ್ತಿಗೆ ಮಳೆ ಕೈಕೊಟ್ಟರೆ, ಹಿಂಗಾರಿನ ನಾಲ್ಕು ಹನಿ ಬಿದ್ದರೂ ಸಾಕು, ಬೇರು ಆಳಕ್ಕೆ ಇಳಿಸಿರುವ ತೊಗರಿ ಕೈಹಿಡಿಯುತ್ತದೆ. ಎರಡೂ ಒಂದೇ ಹೊಲ, ಒಂದೇ ಆಕಾಶ. ಆದರೆ ಎರಡಕ್ಕೂ ಮಳೆ ಬೇಕಾಗುವ ಹೊತ್ತು ಬೇರೆ. ಹೊಲದ ತುಂಬ ರಾಗಿಯನ್ನೇ ಐದು ಬಗೆಯ ತಳಿಯಲ್ಲಿ ಬಿತ್ತಿದ್ದರೆ ಹಂಚಿದ ಹಾಗೆ ಕಾಣುತ್ತಿತ್ತು, ಬರ ಬಂದಾಗ ಹಂಚಿಕೆ ಬಯಲಾಗುತ್ತಿತ್ತು. ಅಕ್ಕಡಿಯೆಂದರೆ ಬೇರೆ ಬೇರೆ ಸ್ವಭಾವದ ಬೆಳೆಗಳನ್ನು ಕೂಡಿಸುವುದು. ಹಣಕಾಸಿನವರು ‘ಪೋರ್ಟ್‌ಫೋಲಿಯೋ’ ಎನ್ನುವ ಹೂಡಿಕೆಗಳ ಕಂತೆಗೆ ಇದಕ್ಕಿಂತ ಒಳ್ಳೆಯ ಕನ್ನಡ ಮಾತು ನನಗೆ ಹೊಳೆಯುತ್ತಿಲ್ಲ.

ಈ ತಿಳಿವಳಿಕೆಗೆ ಅಳತೆಗೋಲು ಕೊಟ್ಟವರು ಅಮೆರಿಕದ ಹ್ಯಾರಿ ಮಾರ್ಕೋವಿಟ್ಜ್. 1952ರಲ್ಲಿ, ಇನ್ನೂ ಇಪ್ಪತ್ನಾಲ್ಕರ ಹರೆಯದಲ್ಲಿ, ಅವರು ಬರೆದ ಒಂದು ಪುಟ್ಟ ಪ್ರಬಂಧವೇ ಈ ಪಾಠದ ಬೇರು. ಅದಕ್ಕಾಗಿ 1990ರಲ್ಲಿ ಅವರಿಗೆ ಅರ್ಥಶಾಸ್ತ್ರದ ನೊಬೆಲ್ ಬಂತು. ಅವರು ಹೇಳಿದ್ದನ್ನು ಒಂದು ಆಟದ ಲೆಕ್ಕದಿಂದ ನೋಡೋಣ. ಮಕ್ಕಳೇ, ಕಾಗದ ಪೆನ್ಸಿಲ್ ತೆಗೆದುಕೊಳ್ಳಿ.

ಒಂದು ಐಸ್‌ಕ್ರೀಂ ಕಂಪನಿ. ನಾಲ್ಕು ವರ್ಷಗಳಲ್ಲಿ ಅದರ ಷೇರು ಶೇಕಡಾ 18 ಏರಿತು, 6 ಇಳಿಯಿತು, 14 ಏರಿತು, 2 ಇಳಿಯಿತು. ಕೂಡಿ ನಾಲ್ಕರಿಂದ ಭಾಗಿಸಿ, ಸರಾಸರಿ 6. ಇನ್ನೊಂದು ಛತ್ರಿ ಕಂಪನಿ. ಅದೇ ವರ್ಷಗಳಲ್ಲಿ ಅದು 4 ಇಳಿಯಿತು, 14 ಏರಿತು, 2 ಏರಿತು, 12 ಏರಿತು. ಇದರ ಸರಾಸರಿಯೂ 6. ಬಿಸಿಲಿನ ವರ್ಷ ಐಸ್‌ಕ್ರೀಂಗೆ ಸುಗ್ಗಿ, ಮಳೆಯ ವರ್ಷ ಛತ್ರಿಗೆ.

ಏರಿಳಿತ ಅಳೆಯುವುದು ಹೀಗೆ. ಪ್ರತಿ ವರ್ಷದ ಅಂಕಿ ಸರಾಸರಿಯಿಂದ ಎಷ್ಟು ದೂರ ಇದೆ ನೋಡಿ. ಐಸ್‌ಕ್ರೀಂಗೆ ಅದು 12, 12, 8, 8. ಕೆಲವು ಮೇಲಕ್ಕೆ, ಕೆಲವು ಕೆಳಕ್ಕೆ ಇರುವುದರಿಂದ ಹಾಗೆಯೇ ಕೂಡಿದರೆ ಒಂದನ್ನೊಂದು ಹೊಡೆದು ಸೊನ್ನೆ ಬರುತ್ತದೆ. ಅದಕ್ಕೆ ಪ್ರತಿಯೊಂದರ ವರ್ಗ ಮಾಡಿ: 144, 144, 64, 64. ಕೂಡಿದರೆ 416, ನಾಲ್ಕರಿಂದ ಭಾಗಿಸಿದರೆ 104, ವರ್ಗಮೂಲ ತೆಗೆದರೆ 10.2. ಇದೇ ‘ಮಾನಕ ವಿಚಲನೆ’. ಕೆಲವು ಪುಸ್ತಕಗಳಲ್ಲಿ ನಾಲ್ಕರ ಬದಲು ಮೂರರಿಂದ ಭಾಗಿಸುತ್ತಾರೆ, ನಿಮ್ಮ ಶಾಲೆಯಲ್ಲಿ ಹೇಳಿಕೊಟ್ಟ ಹಾಗೆ ಮಾಡಿ. ಛತ್ರಿಗೆ ಇದೇ ರೀತಿ ಮಾಡಿದರೆ 7.3 ಬರುತ್ತದೆ.

ಈಗ ಹಣವನ್ನು ಅರ್ಧ ಐಸ್‌ಕ್ರೀಂಗೆ, ಅರ್ಧ ಛತ್ರಿಗೆ ಹಾಕಿ. ನಾಲ್ಕು ವರ್ಷಗಳ ಫಲ ಶೇಕಡಾ 7, 4, 8, 5. ಸರಾಸರಿ ಮತ್ತೆ 6, ಒಂದು ಪೈಸೆಯೂ ಕಡಿಮೆಯಾಗಲಿಲ್ಲ. ಏರಿಳಿತ ಎಷ್ಟು? 1.6! ಹತ್ತು ಮತ್ತು ಏಳನ್ನು ಕೂಡಿಸಿದರೆ ಎಂಟೂವರೆಯ ಆಸುಪಾಸು ಬರಬೇಕಿತ್ತಲ್ಲ ಎಂದು ಯಾರಿಗಾದರೂ ಅನಿಸುತ್ತದೆ. ಒಂದು ಬಿದ್ದಾಗ ಇನ್ನೊಂದು ಎದ್ದದ್ದರಿಂದ ಹೀಗಾಯಿತು.

ಛತ್ರಿಯ ಬದಲು ತಂಪು ಪಾನೀಯದ ಕಂಪನಿಯನ್ನು ಜೊತೆ ಮಾಡಿದರೆ? ಅದು 16 ಏರಿತು, 4 ಇಳಿಯಿತು, 12 ಏರಿತು, ಕೊನೆಯ ವರ್ಷ ಇದ್ದಲ್ಲೇ ಇತ್ತು. ಸರಾಸರಿ ಇದಕ್ಕೂ 6, ಏರಿಳಿತ 8.2. ಇದು ಛತ್ರಿಯಷ್ಟೇನೂ ಶಾಂತವಲ್ಲದಿದ್ದರೂ ಐಸ್‌ಕ್ರೀಂಗಿಂತ ವಾಸಿ. ಆದರೆ ಐಸ್‌ಕ್ರೀಂ ಜೊತೆ ಅರ್ಧರ್ಧ ಹಾಕಿದರೆ ಫಲ 17, ಇಳಿತ 5, ಮತ್ತೆ 13, ಇಳಿತ 1. ಏರಿಳಿತ 9.2. ಎರಡು ಕಂಪನಿಗಳ ಹೆಸರು, ಎರಡು ಕಾಗದಪತ್ರ, ಆದರೆ ಬಿಸಿಲು ಒಂದೇ. ಒಂದರ ಜೊತೆ ಇನ್ನೊಂದು ಎಷ್ಟು ಹೆಜ್ಜೆ ಹಾಕುತ್ತದೆ ಎಂಬುದಕ್ಕೆ ‘ಸಹಸಂಬಂಧ’ ಎನ್ನುತ್ತಾರೆ. ನಿಜ ಜೀವನದಲ್ಲಿ ಐಸ್‌ಕ್ರೀಂ ಮತ್ತು ಛತ್ರಿಯಂತೆ ನೇರ ಎದುರುಬದುರಾಗಿರುವ ಜೋಡಿ ಸಿಗುವುದು ಅಪರೂಪ. ಸ್ವಲ್ಪ ಬೇರೆ ಬೇರೆಯಾಗಿ ನಡೆದರೂ ಸಾಕು, ಏರಿಳಿತ ಕಡಿಮೆಯಾಗುತ್ತದೆ.

ಪೋಷಕರೇ, ನಿಮಗೆ ಹೇಳಬೇಕೆಂದಿದ್ದ ಮಾತು ಈಗ.

ಕಂತೆ ಎಂದರೆ ಷೇರುಗಳಷ್ಟೇ ಅಲ್ಲ. ಮನೆಯ ಅತಿ ದೊಡ್ಡ ಆಸ್ತಿ ಸಂಬಳ. ಗಂಡ ಹೆಂಡತಿ ಇಬ್ಬರೂ ಒಂದೇ ಕಂಪನಿಯಲ್ಲಿ ಕೆಲಸ ಮಾಡುತ್ತಾರೆ, ಉದ್ಯೋಗಿಗಳಿಗೆ ಅಗ್ಗವಾಗಿ ಕೊಡುವ ಷೇರುಗಳನ್ನು ವರ್ಷಾವರ್ಷ ಅದೇ ಕಂಪನಿಯಿಂದ ಕೊಳ್ಳುತ್ತಾರೆ, ಸಾಲ ಮಾಡಿ ಆ ಕಂಪನಿಯ ಹತ್ತಿರವೇ ಫ್ಲ್ಯಾಟ್ ಕೊಂಡಿದ್ದಾರೆ ಎಂದುಕೊಳ್ಳಿ. ಮೂರು ಹಡಗು, ಒಂದೇ ಪಡೆ. ಬೆಂಗಳೂರಿನಲ್ಲಿಯೂ ಇಲ್ಲಿಯೂ ಇಂಥ ಮನೆಗಳು ಎಷ್ಟು ಬೇಕಾದರೂ ಇವೆ. ಅಗ್ಗದ ಷೇರು ಒಳ್ಳೆಯ ಕೊಡುಗೆಯೇ, ಬೇಡ ಎನ್ನುತ್ತಿಲ್ಲ. ಆದರೆ ಮಾರಲು ಅನುಮತಿ ಸಿಕ್ಕ ಮೇಲೂ ಅಭಿಮಾನಕ್ಕೆ ಕಟ್ಟುಬಿದ್ದು ಹಾಗೇ ಇಟ್ಟುಕೊಳ್ಳುವುದಕ್ಕೆ ಲೆಕ್ಕದ ಬೆಂಬಲ ಇಲ್ಲ.

ಇದು ಬರಿಯ ಪುಸ್ತಕದ ಮಾತಲ್ಲ ಎಂಬುದಕ್ಕೆ ಫ್ಯುರ್ಟರ್ ಸ್ಟ್ರಾಸೆಯ ಉದ್ದಕ್ಕೂ ಒಮ್ಮೆ ನಡೆದು ನೋಡಿದರೆ ಸಾಕು. ರೇಡಿಯೋ, ಟೆಲಿವಿಷನ್ನಿಗೆ ಹೆಸರಾಗಿದ್ದ ಈ ಊರಿನ ಗ್ರುಂಡಿಗ್ 2003ರಲ್ಲಿ ದಿವಾಳಿಯಾಯಿತು. ಆಎಗೆ ಕಾರ್ಖಾನೆಯನ್ನು ಮುಚ್ಚುವ ನಿರ್ಧಾರದ ವಿರುದ್ಧ 2006ರ ಜನವರಿಯಲ್ಲಿ ಕಾರ್ಮಿಕರು ಮುಷ್ಕರ ಹೂಡಿದರು. ಆಗ ಅಲ್ಲಿ 1,700ಕ್ಕೂ ಹೆಚ್ಚು ಜನ ಕೆಲಸದಲ್ಲಿದ್ದರು. ಆದರೂ 2007ರಲ್ಲಿ ಬಾಗಿಲು ಬಿತ್ತು. 1927ರಲ್ಲಿ ಫ್ಯುರ್ಟ್‌ನಲ್ಲಿ ಹುಟ್ಟಿ, ಅಂಚೆಯಲ್ಲಿ ಸರಕು ಕಳಿಸುವ ವ್ಯಾಪಾರದಲ್ಲಿ ಮನೆಮಾತಾಗಿದ್ದ ಕ್ವೆಲ್ಲೆ 2009ರಲ್ಲಿ ಮುಗಿಯಿತು. ಅದರ ಭಾರೀ ಕಟ್ಟಡ ಏಬರ್‌ಹಾರ್ಡ್ಸ್‌ಹೋಫ್ ನಿಲ್ದಾಣದ ಬಳಿಯೇ ಇದೆ. ಆರು ವರ್ಷಗಳಲ್ಲಿ ಮೂರು ದೊಡ್ಡ ಹೆಸರುಗಳು. ಒಂದೇ ಮನೆಯ ಇಬ್ಬರು ಇಲ್ಲಿ ದುಡಿಯುತ್ತಿದ್ದರೆ ಇಬ್ಬರ ಸಂಬಳವೂ ಒಟ್ಟಿಗೇ ಅಲುಗಾಡಿರುತ್ತದೆ. ನಮ್ಮ ಕೋಲಾರದ ಚಿನ್ನದ ಗಣಿಯದ್ದೂ ಇದೇ ಕಥೆ. 2001ರ ಫೆಬ್ರವರಿಯಲ್ಲಿ ಗಣಿ ಮುಚ್ಚಿದಾಗ ಕೆಲಸ, ಕ್ವಾರ್ಟರ್ಸ್, ಎದುರಿನ ಕಿರಾಣಿ ಅಂಗಡಿಯ ವ್ಯಾಪಾರ ಎಲ್ಲವೂ ಒಟ್ಟಿಗೇ ನೆಲ ಕಚ್ಚಿದವು, ಯಾಕೆಂದರೆ ಎಲ್ಲವೂ ನಿಂತಿದ್ದದ್ದು ಒಂದೇ ಗಣಿಯ ಮೇಲೆ.

ಊರಿನಲ್ಲಿ ಇಟ್ಟ ಠೇವಣಿಯನ್ನೂ ಕಂತೆಗೆ ಸೇರಿಸಬೇಕು. ಅಲ್ಲಿ ಬಡ್ಡಿ ಹೆಚ್ಚು ಎಂದು ಎಲ್ಲರೂ ಹೇಳುತ್ತಾರೆ. 2005ರ ಸುಮಾರಿಗೆ ಒಂದು ಯೂರೋಗೆ 55 ರೂಪಾಯಿಯ ಆಸುಪಾಸು ಸಿಗುತ್ತಿತ್ತು, 2025ರಲ್ಲಿ ಅದು 100 ರೂಪಾಯಿ ದಾಟಿತು. ಮಗಳನ್ನು ಎರ್ಲಾಂಗನ್ ವಿಶ್ವವಿದ್ಯಾಲಯದಲ್ಲಿ ಓದಿಸಲು ರೂಪಾಯಿಯ ಠೇವಣಿ ಒಡೆದು ಯೂರೋ ಮಾಡಿಕೊಳ್ಳುವವರಿಗೆ ಹೆಚ್ಚಿನ ಬಡ್ಡಿಯ ಬಹುಭಾಗವನ್ನು ಈ ಇಳಿತವೇ ತಿಂದುಹಾಕಿರುತ್ತದೆ. ಆದರೆ ನಿವೃತ್ತಿಯ ನಂತರ ಮೈಸೂರಿನಲ್ಲೋ ಧಾರವಾಡದಲ್ಲೋ ಇರುತ್ತೇನೆ ಎನ್ನುವವರಿಗೆ ಅದೇ ಠೇವಣಿ ಸರಿಯಾಗಿಯೇ ಇದೆ, ಖರ್ಚೂ ರೂಪಾಯಿಯಲ್ಲೇ ಆಗುವುದರಿಂದ ಅವರಿಗೆ ಈ ಏರಿಳಿತ ತಟ್ಟುವುದಿಲ್ಲ. ಹಣ ಎಲ್ಲಿದೆ ಎಂಬುದಕ್ಕಿಂತ ಅದು ಎಲ್ಲಿ ಖರ್ಚಾಗುತ್ತದೆ ಎಂದು ಕೇಳಿಕೊಳ್ಳಿ. ಅಮ್ಮಂದಿರ ಚಿನ್ನದ ಬಗ್ಗೆ ಅಪ್ಪಂದಿರು ತಮಾಷೆ ಮಾಡುವುದುಂಟು. ಬಡ್ಡಿ ಕೊಡದ ಆಸ್ತಿ, ನಿಜ. ಆದರೆ ಸಂಬಳ, ಷೇರು, ರೂಪಾಯಿ ಇವುಗಳ ಜೊತೆ ಅದು ಹೆಜ್ಜೆ ಹಾಕುವುದಿಲ್ಲ. ಕಂತೆಯಲ್ಲಿ ಒಂದಿಷ್ಟು ಇದ್ದರೆ ಅದೂ ಒಂದು ಅಕ್ಕಡಿ ಸಾಲೇ.

ಈ ಅಳತೆಗೋಲಿನ ಮಿತಿಯನ್ನೂ ಹೇಳಬೇಕು. ಮಾನಕ ವಿಚಲನೆ ಅಳೆಯುವುದು ಕಳೆದುಹೋದ ವರ್ಷಗಳನ್ನು. ಮ್ಯೂನಿಕ್ ಬಳಿಯ ವೈರ್‌ಕಾರ್ಡ್ ಕಂಪನಿ 2018ರಲ್ಲಿ ಜರ್ಮನಿಯ ಅತಿ ದೊಡ್ಡ ಕಂಪನಿಗಳ ಡಾಕ್ಸ್ ಪಟ್ಟಿಗೆ ಸೇರಿತು, 2020ರ ಜೂನ್‌ನಲ್ಲಿ ಲೆಕ್ಕಪತ್ರದ ಮೋಸ ಹೊರಬಿದ್ದು ದಿವಾಳಿಯಾಯಿತು. ಹಿಂದಿನ ಬೆಲೆಗಳ ಏರಿಳಿತ ಎಷ್ಟು ಅಳೆದಿದ್ದರೂ ಆ ಮೋಸ ಕಾಣುತ್ತಿರಲಿಲ್ಲ. ಸಹಸಂಬಂಧವೂ ಒಂದೇ ಸಮನೆ ಇರುವುದಿಲ್ಲ. 2008ರಲ್ಲಿ ಡಾಕ್ಸ್ ಸುಮಾರು ಶೇಕಡಾ 40 ಇಳಿಯಿತು, ಮುಂಬೈಯ ಸೆನ್ಸೆಕ್ಸ್ ಅರ್ಧಕ್ಕಿಂತ ಹೆಚ್ಚು ಇಳಿಯಿತು. ಎರಡು ದೇಶಗಳಲ್ಲಿ ಹಂಚಿದ್ದೇನೆ ಎಂದು ನೆಮ್ಮದಿಯಾಗಿದ್ದವರಿಗೆ ಅಂದು ಎರಡೂ ಒಂದೇ ಗಾಳಿಗೆ ಸಿಕ್ಕವು. ಹಾಗಾಗಿ ಆರು ತಿಂಗಳ ಮನೆಖರ್ಚನ್ನು ಏರಿಳಿತವೇ ಇಲ್ಲದ ಬ್ಯಾಂಕ್ ಖಾತೆಯಲ್ಲಿ ಇಟ್ಟು, ಉಳಿದದ್ದಕ್ಕೆ ಮಾತ್ರ ಮೇಲಿನ ಲೆಕ್ಕ ಹಾಕುವುದು ನನ್ನ ಮಟ್ಟಿಗೆ ಸರಿ ಎನಿಸುತ್ತದೆ.

ಮಕ್ಕಳೇ, ನಿಮಗೊಂದು ಮನೆಗೆಲಸ. ದೋಸೆ ಹಿಟ್ಟು ರುಬ್ಬುವ ಎರಡು ಗ್ರೈಂಡರ್‌ಗಳಿವೆ. ಮೊದಲನೆಯದು 150 ಯೂರೋ, 5 ವರ್ಷ ಬಾಳುತ್ತದೆ, ವರ್ಷದ ಖರ್ಚು 12 ಯೂರೋ. ಎರಡನೆಯದು 260 ಯೂರೋ, ವರ್ಷದ ಖರ್ಚು 10 ಯೂರೋ, ಆದರೆ ಎಷ್ಟು ವರ್ಷ ಬಾಳುತ್ತದೆ ಎಂದು ಅಂಗಡಿಯವನಿಗೂ ಗೊತ್ತಿಲ್ಲ. ಬಡ್ಡಿ ಶೇಕಡಾ 4. ಎರಡನೆಯದನ್ನು ಕೊಂಡದ್ದು ಲಾಭವಾಗಬೇಕಾದರೆ ಅದು ಕನಿಷ್ಠ ಎಷ್ಟು ವರ್ಷ ಬಾಳಬೇಕು? ನನಗೆ ಬಂದ ಉತ್ತರ ಒಂಬತ್ತು. ನೀವು ಹೇಗೆ ಮಾಡಿದಿರಿ ಎಂಬುದನ್ನು ಕನ್ನಡದಲ್ಲಿ ಬರೆದು ತನ್ನಿ.